ಬೆನ್ನಿಗೆ ಎಕ್ಕದೆಲೆ

ಭದ್ರಾವತಿಯ ಕಾಗದನಗರದಲ್ಲಿ ಕಾರ್ಖಾನೆ ಮುಚ್ಚಿದ ಮೇಲೆ ಖಾಲಿ ಬಿದ್ದ ಕ್ವಾರ್ಟರ್ಸ್‌ಗಳ ಬಾಗಿಲಲ್ಲೇ ಎಕ್ಕದ ಗಿಡಗಳು ಆಳೆತ್ತರ ಬೆಳೆದಿವೆ. ಎದುರಿನ ಟೀ ಅಂಗಡಿಯಲ್ಲಿ ಶಿವಮೊಗ್ಗದ ಬಸ್ಸಿಗೆ ಕಾಯುತ್ತಿದ್ದವಳು ನಾನೊಬ್ಬಳೇ.

"ಅಕ್ಕ, ನಾಲ್ಕು ಎಕ್ಕದೆಲೆ ಕಿತ್ಕೊಡ್ತೀರಾ? ನಂಗೆ ಕೈ ಎತ್ತೋಕಾಗ್ತಿಲ್ಲ," ಎಂದರು ಅಂಗಡಿಯಾಕೆ.

ಕಿತ್ತು ಕೊಟ್ಟೆ. ಬೆರಳೆಲ್ಲ ಬಿಳಿ ಹಾಲಾಯಿತು. ಆಕೆ ಎಲೆಗೆ ಎಳ್ಳೆಣ್ಣೆ ಸವರಿ ಟೀ ಒಲೆಯ ಮೇಲೆ ಬಾಡಿಸಿದರು.

"ಮೊಣಕಾಲಿಗಾದ್ರೆ ನಾನೇ ಕಟ್ಕೋತೀನಿ. ಇದು ಬೆನ್ನುನೋವು. ಮುಂಚೆ ಪಕ್ಕದ ಮನೆಯೋರು ಕಟ್ತಿದ್ರು. ಈಗ ಬಸ್ಸಿಗೆ ಬಂದೋರನ್ನೇ ಕೇಳ್ಬೇಕು."

ಬೆಚ್ಚಗಿನ ಎಲೆಗಳನ್ನು ಬೆನ್ನಿಗಿಟ್ಟು, ಹಳೇ ಸೀರೆಯ ಪಟ್ಟಿ ಸುತ್ತಿ ಬಿಗಿದೆ. ಅಷ್ಟರಲ್ಲಿ ಬಸ್ಸು ಬಂತು. ಹತ್ತುವಾಗ ಆಕೆ ಹಿಂದಿನಿಂದ ಕೂಗಿದರು:

"ಎಕ್ಕದ ಹಾಲು ವಿಷ ಮಾರಾಯ್ತಿ! ಕೈ ತೊಳೆಯೋವರೆಗೂ ಕಣ್ಣು ಮುಟ್ಕೋಬೇಡ!"

ನನ್ನ ಕಣ್ಣಿನ ಚಿಂತೆ ಯಾರಾದರೂ ಮಾಡಿ ಎಷ್ಟು ಕಾಲವಾಗಿತ್ತೋ. ಶಿವಮೊಗ್ಗದವರೆಗೂ ಕಣ್ಣೊರೆಸಿಕೊಳ್ಳಲಾಗಲಿಲ್ಲ.