ನಮ್ಮ ಮೆಟ್ಟಿಲ ಬಿಳಿಮೀನು

ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಯ ವಾಸನೆ ಬಂದರೆ ಈಗಲೂ ನಾನು ಮೂಗು ಮುರಿಯುತ್ತೇನೆ. ಅದು ನಮ್ಮ ಚಿಕ್ಕಪ್ಪನ ವಾಸನೆ. ನಿಮ್ಮ ಮನೆಯಲ್ಲೂ ಇಂಥವನೊಬ್ಬ ಇದ್ದಿರಬೇಕು. ಬಿಳಿಯರು ದೇಶ ಬಿಟ್ಟ ಹೊಸತು. ನಾನಿನ್ನೂ ಲಂಗ ತೊಟ್ಟು ಓಡಾಡುತ್ತಿದ್ದೆ. ಹುಣಸೂರಿನಲ್ಲಿ ಹೊಗೆಸೊಪ್ಪಿನ ವ್ಯಾಪಾರ ಮಾಡುತ್ತಿದ್ದ ಆತ, ಮಳೆಗಾಲದ ಕೆಂಪು ನೀರು ಇಳಿದು ಕಾವೇರಿ ತಿಳಿಯಾಯಿತೆಂದರೆ ಕೆ.ಆರ್. ನಗರದ ಕಡೆಯ ನಮ್ಮ ಹಳ್ಳಿಮನೆಗೆ ಬಂದಿಳಿಯುತ್ತಿದ್ದ. ಕೊಡಗಿನ ಯಾವನೋ ದೊರೆ ಹೋಗುವಾಗ ಬಿಟ್ಟುಕೊಟ್ಟ ಸೀಳುಬಿದಿರಿನ ಗಾಳದ ಕೋಲು, ದಾರ ಸುತ್ತುವ ಹಿತ್ತಾಳೆ ರಾಟೆ, ಚಮಚದಂತೆ ಮಿರುಗುವ ಗಾಳ, ಎಲ್ಲವನ್ನೂ ಜಗಲಿಯಲ್ಲಿ ಹರಡಿಕೊಂಡು ಎಣ್ಣೆ ತಿಕ್ಕುತ್ತಿದ್ದ. ಶಿವಪೂಜೆಗೆ ಅಷ್ಟು ಹೊತ್ತು ಕೂತವನಲ್ಲ. ಮೀನಿನ ಹೆಸರೆತ್ತದ ಮನೆ ನಮ್ಮದು. ಇವನಿಗೆ ಹಣೆಯಲ್ಲಿ ವಿಭೂತಿ, ಕೈಯಲ್ಲಿ ಗಾಳ. ಅಜ್ಜಿ ಗದರಿದರೆ, "ತಿನ್ನಾಕಲ್ಲ ಕಣವ್ವ, ಇದು ಸ್ಪೋರ್ಟು," ಎನ್ನುತ್ತಿದ್ದ. ತಿನ್ನುವವನಾಗಿದ್ದರೆ ಹಸಿವೆಂಬ ನೆಪವಾದರೂ ಇರುತ್ತಿತ್ತು.

ತಿಳಿನೀರಿಗೆ ಚಮಚದ ಗಾಳ, ಆಳದ ಮಡುವಿಗೆ ರಾಗಿ ಉಂಡೆ ಎಂದು ಊರಿಗೆಲ್ಲ ಪಾಠ ಹೇಳುತ್ತಿದ್ದ ಈ ಪಂಡಿತನಿಗೆ ಒಂದೇ ಒಂದು ಬಿಳಿಮೀನೂ ಸಿಕ್ಕಿರಲಿಲ್ಲ. ದೊರೆಗಳು ಮಹಸೀರ್ ಎಂದು ಬಾಯಿ ಬಿಡುತ್ತಿದ್ದ ದೊಡ್ಡ ಮೀನು ಅದು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ಒಮ್ಮೆ ನೀರು ಕದಡಿತ್ತು, ಒಮ್ಮೆ ಬಿಸಿಲು ಹೆಚ್ಚಾಗಿತ್ತು. ಅಜ್ಜಿಗೆ ಕೋಲೂ ಬೇಡ, ಕಾಲವೂ ಬೇಡ. ಪೂಜೆ ಮುಗಿಸಿ, ಮಿಕ್ಕ ಮುದ್ದೆಯನ್ನು ಮಡಿಲಲ್ಲಿಟ್ಟುಕೊಂಡು ಹೊಳೆಯ ಮೆಟ್ಟಿಲಿಗೆ ಹೋಗಿ ಅಂಗೈಯಿಂದ ನೀರು ತಟ್ಟಿದರೆ ಸಾಕು, ಬಿಳಿಮೀನುಗಳು ಮೈಮೇಲೆ ಬೀಳುವಂತೆ ಬರುತ್ತಿದ್ದವು. ಬೆನ್ನ ಮೇಲೆ ನೀರುನಾಯಿ ಕಚ್ಚಿದ ಕಲೆಯಿದ್ದ ದೊಡ್ಡದೊಂದು ಉಳಿದವನ್ನು ತಳ್ಳಿಕೊಂಡು ಬಂದು ಅವಳ ಬೆರಳನ್ನೇ ಚೀಪುತ್ತಿತ್ತು. ಅಜ್ಜಿ ಅದನ್ನು ಯಜಮಾನ ಎಂದು ಕರೆಯುತ್ತಿದ್ದಳು.

ಒಂದು ವರ್ಷ ಚಿಕ್ಕಪ್ಪ ಮಡಿಕೇರಿಯಿಂದ ಇಬ್ಬರು ಕಾಫಿತೋಟದ ಸಾಹುಕಾರರನ್ನು ಬೇಟೆ ತೋರಿಸುತ್ತೇನೆಂದು ಕರೆತಂದ. ಮಡುವಿನಲ್ಲಿ ಏನೂ ಕಚ್ಚಲಿಲ್ಲ. ಮರುದಿನ ಬೆಳಿಗ್ಗೆ ಅಜ್ಜಿ ಪೂಜೆಗೆ ಕೂತಾಗ ಮೆಟ್ಟಿಲಿಗೆ ಹೋಗಿ, ಅವಳ ಹಾಗೆಯೇ ನೀರು ತಟ್ಟಿ, ಮುದ್ದೆಯೊಳಗೆ ಗಾಳವಿಟ್ಟು ಇಳಿಬಿಟ್ಟ. ನಾವು ಹೋಗುವಷ್ಟರಲ್ಲಿ ಯಜಮಾನ ಹುಣಿಸೆ ಕೊಂಬೆಯಿಂದ ತೂಗುತ್ತಿದ್ದ; ಪಕ್ಕದಲ್ಲಿ ಚಿಕ್ಕಪ್ಪ ಕೋಲು ಹಿಡಿದು ಫೋಟೋಕ್ಕೆ ಎದೆ ಉಬ್ಬಿಸಿದ್ದ. "ಭಾರಿ ಕಾದಾಡ್ತು ಕಣವ್ವ," ಎಂದ. ಅಜ್ಜಿ ಬೆನ್ನಿನ ಕಲೆಯನ್ನು ಸವರಿದಳು. "ಕೈಗೆ ಬರೋ ಮೀನ್ಗೆ ಕೋಲ್ ಯಾಕ್ಲಾ?" ಎಂದಷ್ಟೇ ಕೇಳಿದಳು. ಚಿಕ್ಕಪ್ಪ ರಾಟೆಗೆ ಎಣ್ಣೆ ಬಿಡತೊಡಗಿದ. ಆತ ಸತ್ತ ಮೇಲೆ ಮಕ್ಕಳು ಅದೇ ಫೋಟೋಕ್ಕೆ ಕಟ್ಟು ಹಾಕಿಸಿ ಹಾರ ಹಾಕಿದ್ದಾರೆ. ಹಾರ ಮೀನಿಗೆ ಎಂದುಕೊಂಡು ನಾನು ಕೈ ಮುಗಿದು ಬರುತ್ತೇನೆ.

ಯಜಮಾನ ಸತ್ತ ಮಾರನೆಯ ದಿನವೂ ಅಜ್ಜಿಯ ಮಡಿಲು ಎಂದಿನಂತೆ ತುಂಬಿತ್ತು. ನೀರು ತಟ್ಟಿದಳು. ಬುದ್ಧಿಯಿಲ್ಲದ ಮೀನುಗಳು ಬಂದವು. ಇರುವೆಯನ್ನೂ ದಾಟಿಕೊಂಡು ನಡೆಯುತ್ತಿದ್ದ ನನ್ನ ಅಜ್ಜಿ ಮಡಿಲಿನಿಂದ ಕಲ್ಲು ತೆಗೆದು ಅವುಗಳತ್ತ ಬೀಸಿದಳು. ನಾನು ಅಳುತ್ತಾ ಕೈ ಹಿಡಿದುಕೊಂಡೆ. "ಬುಡವ್ವ. ಮನ್ಸರ್ನ ನಂಬಿ ಅಂತ ಯೋಳ್ಕೊಟ್ಟೋಳು ನಾನು. ನಂಬಬ್ಯಾಡಿ ಅಂತ್ಲೂ ನಾನೇ ಯೋಳ್ಕೊಡ್ಬೇಕಲ್ವ," ಎಂದಳು. ದಿನವೂ ಹೋದಳು, ದಿನವೂ ಎಸೆದಳು. ಬೇಸಗೆ ಕಾಲಿಡುವ ಹೊತ್ತಿಗೆ ಒಂದು ಬೆಳಿಗ್ಗೆ ಅವಳು ನೀರು ತಟ್ಟಿದಾಗ ಒಂದೂ ಬರಲಿಲ್ಲ. ಮತ್ತೆ ತಟ್ಟಿ ಕಾದಳು. "ಕಲ್ತ್ಕೊಂಡ್ವು," ಎಂದು ಕಲ್ಲುಗಳನ್ನು ಮೆಟ್ಟಿಲ ಮೇಲೆ ಸುರಿದು, ಖಾಲಿ ಮಡಿಲ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಅಲ್ಲೇ ಕೂತಳು.