ಕೊನೆಯ ಹೆಸರು ಹೋಗುವವರೆಗೆ

ಶುಕ್ರವಾರ ಬೆಳಗಿನ ಐದೂವರೆ. ಶಿರಸಿಯ ಯಲ್ಲಾಪುರ ನಾಕೆಯಲ್ಲಿ ಒಂದು ಗೋಡೆಯ ಮುಂದೆ ಮಧುಕೇಶ್ವರ ನಾಯ್ಕರು ಸೈಕಲ್ ನಿಲ್ಲಿಸುತ್ತಾರೆ. ಹಿಂದೆ ಪೋಸ್ಟರಿನ ಸುರುಳಿ, ಹ್ಯಾಂಡಲಿಗೆ ತೂಗಿದ ಡಬ್ಬಿಯಲ್ಲಿ ಇನ್ನೂ ಹಬೆಯಾಡುವ ಮೈದಾ ಅಂಟು. ಗೋಡೆಗೆ ಎರಡು ಸಲ ಅಂಟು ಎಳೆದು, ಪೋಸ್ಟರಿನ ಮೇಲಂಚು ಹಿಡಿದು, ಅಂಗೈಯನ್ನು ನಡುವಿನಿಂದ ಬದಿಗೆ ಸವರುತ್ತಾರೆ. ಒಂದು ಸುಕ್ಕು ಉಳಿಯುವುದಿಲ್ಲ.

ದನ ಪೋಸ್ಟರು ತಿನ್ನದಿರಲಿ ಎಂದು ಅಂಟಿಗೆ ಮೈಲುತುತ್ತ ಬೆರೆಸುವುದು ಈ ಕಸುಬಿನಲ್ಲಿ ಹಳೆಯ ರೂಢಿ. ಇವರು ಬೇವಿನ ಸೊಪ್ಪು ಕುದಿಸಿದ ನೀರು ಬೆರೆಸುತ್ತಾರೆ. “ಕಹಿ ಆದ್ರೆ ಸಾಕು, ದನ ಬಿಟ್ಟು ಹೋಗ್ತದೆ. ವಿಷ ಎಂತಕ್ಕೆ?” ಎನ್ನುತ್ತಾರೆ. ಮೊದಲು ಅರವತ್ತು ಗೋಡೆಗಳಿದ್ದವು. ಈಗ ಇಪ್ಪತ್ತೆಂಟು. ದೇವಿಕೆರೆ, ಬಿಡ್ಕಿಬೈಲು, ಕೊನೆಗೆ ಹುಲೇಕಲ್ ರಸ್ತೆ. ಏಳೂವರೆಗೆ ಡಬ್ಬಿ ಖಾಲಿ.

ಆಮೇಲೆ ಅಸಲು ಕೆಲಸ. ಊರಿನ ಹಳೆಯ ಚಿತ್ರಮಂದಿರದಲ್ಲಿ ಹದಿನಾಲ್ಕು ಮೆಟ್ಟಿಲು ಹತ್ತಿದರೆ ಅವರ ಕೋಣೆ. ಸಿನಿಮಾ ಓಡಿಸುವ ಯಂತ್ರಕ್ಕೆ ಒಂದು ಊದುಬತ್ತಿ ಹಚ್ಚಿ, ಕೈಮುಗಿದು, ಗುಂಡಿ ಒತ್ತುತ್ತಾರೆ. ದಿನಕ್ಕೆ ನಾಲ್ಕು ಆಟ. ಬನವಾಸಿಯ ಕಡೆಯಿಂದ ಇಪ್ಪತ್ತರ ಹರೆಯದಲ್ಲಿ ಬಂದವರು ಹುಬ್ಬಳ್ಳಿ ಬಸ್ಸಿನಿಂದ ರೀಲಿನ ಪೆಟ್ಟಿಗೆ ಹೊತ್ತರು, ಮುಂದೆ ಆಪರೇಟರ್ ಆದರು. ಈಗ ಅರವತ್ತೊಂದು. ಹಳೆಯ ಯಂತ್ರದ ಕಾರ್ಬನ್ ಕಡ್ಡಿಯ ಬೆಳಕು ಎಡಗಣ್ಣಿನ ಅರ್ಧ ನೋಟ ತಿಂದಿದೆ. ಪರದೆಯ ಮೇಲೆ ಇಷ್ಟು ವರ್ಷದಲ್ಲಿ ಸಾವಿರಾರು ಜನರ ಹೆಸರು ಹೋಗಿದೆ. ಕಳೆದ ತಿಂಗಳವರೆಗೂ ಅವುಗಳನ್ನು ತಾವು ಓದಿದ್ದೇ ಇಲ್ಲ ಎನ್ನುತ್ತಾರೆ ನಾಯ್ಕರು.

ಓದದಿರಲು ಕಾರಣವಿದೆ. ಚಿತ್ರದ ಕೊನೆಯಲ್ಲಿ ಬರುವ ಹೆಸರುಗಳಿಗೆ ಆಪರೇಟರುಗಳು ಇಟ್ಟ ಹೆಸರು ‘ಬಾಲ’. ಕಥೆ ಮುಗಿದ ಕ್ಷಣಕ್ಕೆ ದೀಪ, ದೀಪ ಹತ್ತಿದ ಕ್ಷಣಕ್ಕೆ ಬಾಗಿಲು. ಜನ ಬಸ್ಸು ಹಿಡಿಯಬೇಕು. ರೀಲಿನ ಕಾಲದಲ್ಲಂತೂ ಬಾಲವನ್ನು ಕತ್ತರಿಸಿಟ್ಟುಕೊಂಡು, ಬೇರೆ ರೀಲಿನ ತಲೆ ಹರಿದರೆ ಅಲ್ಲಿಗೆ ಜೋಡಿಸುತ್ತಿದ್ದರು. ಅಂಥ ತುಂಡುಗಳು ಇಂದಿಗೂ ಅವರ ಕೋಣೆಯ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿವೆ. ಈಗ ಕತ್ತರಿ ಬೇಡ. ಮೊದಲ ಆಟದಲ್ಲೇ ಕಥೆ ಮುಗಿಯುವ ಹೊತ್ತು ನೋಡಿಕೊಂಡು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟರೆ ಮುಗಿಯಿತು.

ಕಳೆದ ತಿಂಗಳು ಬಂದ ಚಿತ್ರಕ್ಕೆ ಅವರು ಬರೆದದ್ದು ಎರಡು ಗಂಟೆ ಹದಿನಾಲ್ಕು ನಿಮಿಷ. ಹಲವು ವರ್ಷಗಳ ಹಿಂದೆ ದೊಡ್ಡ ಪಟ್ಟಣವೊಂದರ ರೈಲು ನಿಲ್ದಾಣದಲ್ಲಿ ಭಯೋತ್ಪಾದಕರು ಬಾಂಬು ಸಿಡಿಸಿದ ನಿಜ ಸಂಗತಿಯನ್ನು ಆಧರಿಸಿದ ಚಿತ್ರ ಅದು. ಹಾಡಿಲ್ಲ, ಹೊಡೆದಾಟವಿಲ್ಲ. ಒಬ್ಬ ಪೊಲೀಸ್ ಅಧಿಕಾರಿ ಒಂದು ಸಿಮ್ ಕಾರ್ಡಿನ ಜಾಡು ಹಿಡಿದು ಹನ್ನೊಂದು ದಿನ ಅಲೆಯುತ್ತಾನೆ, ಅಷ್ಟೇ. ಮಾತುಗಳನ್ನು ಕನ್ನಡಕ್ಕೆ ತಂದಿದ್ದರು. ಸತ್ತ ಐವತ್ತೇಳು ಜನರ ಹೆಸರು, ವಯಸ್ಸು ಮಾತ್ರ ಕೊನೆಯಲ್ಲಿ ಇಂಗ್ಲಿಷಿನಲ್ಲೇ ಉಳಿದಿತ್ತು. ಅದು ನಾಲ್ಕು ನಿಮಿಷ ಹತ್ತು ಸೆಕೆಂಡಿನ ಬಾಲ.

ಶನಿವಾರ ಮಧ್ಯಾಹ್ನದ ಆಟ ಮುಗಿಯಿತು. ನಾಯ್ಕರು ದೀಪ ಹಾಕಿದರು, ಯಂತ್ರ ನಿಲ್ಲಿಸಿದರು. ಎಲ್ಲರೂ ಎದ್ದರು. ಆರನೇ ಸಾಲಿನಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು ಮಾತ್ರ ಕುಳಿತೇ ಇದ್ದರು. ಕೈಯಲ್ಲಿ ಒಂದು ಚೀಟಿ.

ಬಾಗಿಲು ಕಾಯುವ ಆನಂದ ಹೋಗಿ, “ಮುಗೀತು ಅಕ್ಕಾ, ಏಳಿ” ಅಂದ.

“ನಾ ಏಳುದಿಲ್ಲ. ನಮ್ಮ ತಮ್ಮನ ಹೆಸ್ರು ಬರುದದೆ.”

ಆನಂದ ಮೇಲೆ ಯಂತ್ರದ ಕೋಣೆಯ ಕಿಂಡಿಯತ್ತ ಮುಖ ಮಾಡಿ ಕೂಗಿದ: “ಮಧಣ್ಣಾ, ಈ ಅಕ್ಕನ ತಮ್ಮ ಸಿನಿಮಾದಲ್ಲಿ ಪಾರ್ಟ್ ಮಾಡಿದಾನಂತೆ!”

“ಪಾರ್ಟ್ ಮಾಡ್ಲಿಲ್ಲ,” ಅಂದರು ಆಕೆ. “ಅವ ಅಲ್ಲಿ ಸತ್ತವ.”

ನಾಯ್ಕರು ಕೆಳಗಿಳಿದು ಬಂದರು. ಆಕೆ ಸಿದ್ದಾಪುರದ ಹತ್ತಿರದ ಹಳ್ಳಿಯ ಗಂಗೆ. ಶಾಲೆಯಲ್ಲಿ ಬಿಸಿಯೂಟ ಮಾಡುವವರು. ಆಕೆಯ ತಮ್ಮ, ಹೆಸರು ಕೆರಿಯ, ಆ ನಿಲ್ದಾಣದ ಕ್ಯಾಂಟೀನಿನಲ್ಲಿ ಚಹಾ ಮಾಡುತ್ತಿದ್ದ. ಅಂದಿನ ಪತ್ರಿಕೆಗಳಲ್ಲಿ ಬಂದದ್ದು ‘ಒಬ್ಬ ಕ್ಯಾಂಟೀನ್ ಕೆಲಸಗಾರ’ ಎಂದು ಮಾತ್ರ. ಹೆಸರು ಎಲ್ಲೂ ಅಚ್ಚಾಗಲಿಲ್ಲ. ಹುಬ್ಬಳ್ಳಿಯಲ್ಲಿ ಚಿತ್ರ ನೋಡಿದ ದಾಯಾದಿ ಸುನೀಲ ಫೋನು ಮಾಡಿ, ಕೊನೆಯಲ್ಲಿ ಕೆರಿಯನ ಹೆಸರಿದೆ ಎಂದು ಹೇಳಿದ್ದ. ಗಂಗೆಗೆ ಇಂಗ್ಲಿಷ್ ಬಾರದು. ಅಕ್ಷರ ತಾಳೆ ನೋಡಿ ಗುರುತು ಹಿಡಿಯೋಣವೆಂದು ಯಾರಿಂದಲೋ ಚೀಟಿಯಲ್ಲಿ ಬರೆಸಿ ತಂದಿದ್ದರು.

“ಸಿನಿಮಾದಾಗೆ ಚಾ ಅಂಗಡಿ ತೋರ್ಸಿದ್ರು. ನಮ್ಮ ಕೆರಿಯ ಚಾ ಹಂಗೆ ಸುರೀತಿರ್ಲಿಲ್ಲ,” ಅಂದರು. “ಅವಂದು ಎಡಗೈ. ಅದೆಲ್ಲ ಹೋಗ್ಲಿ, ಹೆಸ್ರೊಂದು ನಾಕು ಜನರ ಎದ್ರಿಗೆ ಬಂದ್ರೆ ಸಾಕಾಗಿತ್ತು.”

ಮುಂದಿನ ಆಟಕ್ಕೆ ಹೊರಗೆ ಜನ ನಿಂತಾಗಿತ್ತು. ಬಾಲವನ್ನು ಮತ್ತೆ ಓಡಿಸಲು ಹೊತ್ತಿರಲಿಲ್ಲ. ಗುರುವಾರಕ್ಕೆ ಚಿತ್ರ ಹೋಗುವುದಿತ್ತು, ಸೋಮವಾರದಿಂದ ಗಂಗೆಗೆ ಶಾಲೆ. ಉಳಿದದ್ದು ಭಾನುವಾರ ಒಂದೇ. “ನಾಳೆ ಬನ್ನಿ ತಂಗೀ. ತಪ್ಪು ನಂದೇ,” ಎಂದು ನಾಯ್ಕರು ಚೀಟಿ ಇಸಿದುಕೊಂಡರು.

ಆ ಸಂಜೆಯ ಎರಡು ಆಟಗಳಲ್ಲೂ ಭಾನುವಾರ ಬೆಳಗಿನ ಆಟದಲ್ಲೂ ಅವರು ದೀಪ ಹಾಕಿದರು, ಆದರೆ ಯಂತ್ರ ನಿಲ್ಲಿಸಲಿಲ್ಲ. ಮಾಸಿದ ಪರದೆಯ ಮೇಲೆ ಹರಿಯುವ ಅಕ್ಷರಗಳನ್ನು ಒಳ್ಳೆಯ ಕಣ್ಣೊಂದರಿಂದ ನೋಡುತ್ತ ಒಂದು ನೋಟ್ ಪುಸ್ತಕದಲ್ಲಿ ಇಂಗ್ಲಿಷಿನಲ್ಲೇ ಗೀಚಿಕೊಂಡರು. ಮೂರು ಆಟಕ್ಕೆ ಪಟ್ಟಿ ಪೂರ್ತಿಯಾಯಿತು. ಮಗಳು ಅನುಶ್ರೀ ಅದೇ ಪುಸ್ತಕದಲ್ಲಿ ಅದನ್ನು ಕನ್ನಡದಲ್ಲಿ ಬರೆದುಕೊಟ್ಟಳು. ಒಬ್ಬನ ಹೆಸರು ಸಾಲದೇ ಎಂದು ಅವಳು ಕೇಳಿದ್ದಕ್ಕೆ, “ಉಳ್ದವ್ರು ಎಂತ ಪಾಪ ಮಾಡಿದ್ರು?” ಅಂದರಂತೆ.

ಮ್ಯಾನೇಜರ್ ಶಿವಪುತ್ರಪ್ಪ ಹಾವೇರಿ ಕಡೆಯವರು. ಕಥೆ ಮುಗಿದ ಮೇಲೂ ದೀಪ ಹಾಕದೆ ಹೆಸರು ಓಡಿಸುವುದಕ್ಕೆ ಅವರು ಸುಲಭಕ್ಕೆ ಒಪ್ಪಲಿಲ್ಲ. “ಇದು ಥೇಟರ್ ಐತ್ರಿ ಮಧು, ಗುಡಿ ಅಲ್ಲ. ಬಸ್ ತಪ್ಪಿದ್ರ ಮಂದಿ ಬಂದು ನನ್ನ ಕೊಳ್ಳಪಟ್ಟಿ ಹಿಡೀತಾರ.” ಕೊನೆಗೆ, “ಹೋಗ್ಲಿ, ಒಂದು ಸಲ. ಗದ್ಲ ಎದ್ದರ ನಾನಽ ಲೈಟ್ ಹಾಕಾಂವ,” ಅಂದರು.

ಭಾನುವಾರ ಮಧ್ಯಾಹ್ನ ಮುನ್ನೂರ ಹನ್ನೆರಡು ಸೀಟುಗಳಲ್ಲಿ ಮುಕ್ಕಾಲು ಪಾಲು ತುಂಬಿತ್ತು. ಗಂಗೆ ಅದೇ ಆರನೇ ಸಾಲಿನಲ್ಲಿ ಕುಳಿತಿದ್ದರು. ಕಥೆ ಮುಗಿಯಿತು; ದೀಪ ಹತ್ತಲಿಲ್ಲ. ರೂಢಿಯಂತೆ ಎದ್ದ ಜನ ಕತ್ತಲಲ್ಲಿ ತಡವರಿಸಿದರು. ಪರದೆಯ ತುಂಬ ತಲೆಗಳ ನೆರಳು. “ಲೈಟ್ ಹಾಕ್ರಾ! ನಿದ್ದೆ ಬಂತನಾ?” ಎಂದು ಒಬ್ಬ ಕೂಗಿದ. ಸೀಟಿ ಬಿತ್ತು. ಶಿವಪುತ್ರಪ್ಪ ಬಾಗಿಲ ಪಕ್ಕದ ಸ್ವಿಚ್ಚಿನ ಕಡೆ ನಡೆದದ್ದು ನಾಯ್ಕರಿಗೆ ಕಿಂಡಿಯಿಂದ ಕಾಣಿಸಿತು.

ಅವರ ಕೋಣೆಯಲ್ಲಿ ಒಂದು ಮೈಕು ಇದೆ. ಹೊರಗೆ ಯಾರದಾದರೂ ಬೈಕು ದಾರಿಗೆ ಅಡ್ಡವಾಗಿದ್ದರೆ ನಂಬರು ಹೇಳುವುದಕ್ಕೆ. ನಾಯ್ಕರು ಅದನ್ನು ಕೈಗೆತ್ತಿಕೊಂಡರು.

“ಇವು ಅಲ್ಲಿ ಸತ್ತವ್ರ ಹೆಸರು. ನಮ್ಮ ಸಿದ್ದಾಪುರದವ್ರೂ ಒಬ್ರು ಇದ್ದಾರೆ. ಅವ್ರ ಅಕ್ಕ ಇಲ್ಲೇ ಕೂತಿದ್ದಾರೆ. ನಾಕು ನಿಮಿಷ ಕೂತ್ಕಳಿ.”

ಆಗಲೇ ಮೂರು ಹೆಸರು ಮೇಲೆ ಹೋಗಿತ್ತು. ಅವರು ಮೊದಲಿನಿಂದಲೇ ಬೇಗಬೇಗ ಓದಿ, ಪರದೆಯ ಮೇಲಿನ ಹೆಸರಿಗೆ ಸರಿಯಾಗಿ ಬಂದು ಸೇರಿಕೊಂಡರು. ಶಿವಪುತ್ರಪ್ಪನವರ ಕೈ ಸ್ವಿಚ್ಚಿನ ಮೇಲೆಯೇ ಉಳಿಯಿತು. ಇಪ್ಪತ್ತು ಜನ ಬಾಗಿಲು ತಳ್ಳಿಕೊಂಡು ಹೋದರು. ಮಿಕ್ಕವರು ಒಬ್ಬೊಬ್ಬರಾಗಿ ಕುಳಿತರು. ನಾಯ್ಕರದು ಮಂತ್ರ ಹೇಳುವ ದನಿಯಲ್ಲ, ಬಸ್ ನಿಲ್ದಾಣದಲ್ಲಿ ಊರು ಕೂಗುವ ದನಿಯೂ ಅಲ್ಲ. ಹಾಜರಿ ಕರೆದ ಹಾಗೆ, ಹೆಸರು ಮತ್ತು ವಯಸ್ಸು. ಎಲ್ಲ ಜಾತಿ, ಎಲ್ಲ ಮತದ ಹೆಸರುಗಳೂ ಅಲ್ಲಿದ್ದವು. ಎರಡು ವರ್ಷದ ಒಂದು ಮಗು, ಎಪ್ಪತ್ತೆಂಟರ ಒಬ್ಬ ಮುದುಕ. ಮೂವತ್ತೊಂದನೆಯದು, “ಕೆರಿಯ ನಾಯ್ಕ, ಇಪ್ಪತ್ತಾರು.”

ಗಂಗೆ ಎದ್ದು ನಿಂತರು. ಪಕ್ಕದವರು ಸೆರಗು ಹಿಡಿದು ಎಳೆದರೂ ಕೂರಲಿಲ್ಲ. ಹಿಂದಿನವರು ಯಾರೂ ‘ಕೂತ್ಕಳಿ’ ಅನ್ನಲಿಲ್ಲ. ಉಳಿದ ಇಪ್ಪತ್ತಾರು ಹೆಸರು ಮುಗಿಯುವವರೆಗೂ ಆಕೆ ನಿಂತೇ ಇದ್ದರು. ಆಮೇಲೆ ನಾಯ್ಕರು ದೀಪ ಹಾಕಿದರು.

ಬಸ್ಸಿಗೆ ಓಡುವ ಮೊದಲು ಗಂಗೆ ಹದಿನಾಲ್ಕು ಮೆಟ್ಟಿಲು ಹತ್ತಿ ಬಂದರು.

“ಅಣ್ಣಾ, ನಿಮ್ಮ ಹೆಸ್ರು ಎಂತ? ಅಷ್ಟೆಲ್ಲ ಹೆಸ್ರು ಓದಿದ್ರಿ, ನಿಮ್ದು ಹೇಳ್ಲಿಲ್ಲ.”

“ಮಧುಕೇಶ್ವರ. ಆ ಪಟ್ಟಿಯಾಗೆ ನಂದು ಬರೂದು ಬ್ಯಾಡ ಮಾರಾಯ್ತಿ!”

ಗಂಗೆಗೆ ನಗು ಬಂತು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾಯ್ಕರು ಪುಸ್ತಕ ತೆಗೆದು, ಕೆರಿಯನ ಹೆಸರಿದ್ದ ಹಾಳೆಯನ್ನು ಹರಿದುಕೊಡಲು ಹೋದರು. ಆಕೆ ಅವರ ಕೈ ಹಿಡಿದರು.

“ಹರೀಬ್ಯಾಡಿ. ಒಟ್ಟಿಗೆ ಹೋದವ್ರು. ಒಟ್ಟಿಗೇ ಇರ್ಲಿ.”

ಪುಸ್ತಕ ಈಗ ಬಿಸ್ಕತ್ತಿನ ಡಬ್ಬಿಯಲ್ಲಿ, ಹಳೆಯ ಬಾಲಗಳ ಜೊತೆ ಇದೆ. ಕತ್ತರಿಸಿದ್ದನ್ನೆಲ್ಲ ಒಮ್ಮೆ ಓಡಿಸಿ ನೋಡುವ ಆಸೆ ನಾಯ್ಕರಿಗಿದೆ. ಆದರೆ ರೀಲಿನ ಯಂತ್ರ ಎಂದೋ ಗುಜರಿಗೆ ಹೋಗಿದೆ. “ಆದದ್ದು ಆಯ್ತು. ಮುಂದಿಂದಾದ್ರೂ ನೋಡ್ಕಳೂದು,” ಎನ್ನುತ್ತಾರೆ.

ಸೋಮವಾರ ಅವರು ಮತ್ತೆ ಮ್ಯಾನೇಜರ ಮುಂದೆ ನಿಂತರು. ಬಾಗಿಲ ಬಳಿ ಒಂದು ದೀಪ ಮಾತ್ರ ಹಾಕುವುದು, ಹೋಗುವವರು ಹೋಗಲಿ, ನೋಡುವವರು ನೋಡಲಿ ಎಂದು ತೀರ್ಮಾನವಾಯಿತು. ಅಂದಿನಿಂದ ಕೋಣೆಯ ಗೋಡೆಯ ಮೇಲೆ ಪ್ರತಿ ಚಿತ್ರಕ್ಕೂ ಎರಡು ಹೊತ್ತು ಬರೆಯುತ್ತಾರೆ. ಕಥೆ ಮುಗಿಯುವುದು ಒಂದು, ಹೆಸರು ಮುಗಿಯುವುದು ಇನ್ನೊಂದು.

ಈ ವಾರ ಓಡುತ್ತಿರುವುದು ಒಂದು ನಗೆ ಚಿತ್ರ. ಮಧ್ಯಾಹ್ನದ ಆಟ ಮುಗಿದು, ಜನರೆಲ್ಲ ಹೋಗಿ, ಖಾಲಿ ಸೀಟುಗಳ ಮುಂದೆ ಹೆಸರು ಹರಿಯುತ್ತಲೇ ಇದೆ. ಕೆಳಗಿನಿಂದ ಆನಂದ ಕೆಣಕುತ್ತಾನೆ: “ಮಧಣ್ಣಾ, ಇದ್ರಲ್ಲಿ ಯಾರೂ ಸಾಯ್ಲೇ ಇಲ್ವಲ! ಯಾರಿಗೆ ಕಾಯ್ತಾ ಇದ್ರಿ?”

ನಾಯ್ಕರು ಕಿಂಡಿಯಿಂದ ಕಣ್ಣು ತೆಗೆಯುವುದಿಲ್ಲ. “ಅಡಿಗೆ ಮಾಡ್ದವ್ರು, ವ್ಯಾನು ಹೊಡ್ದವ್ರು ಈಗ ಬತ್ತಾ ಇದ್ದಾರೆ. ತಡಿಯಾ,” ಎನ್ನುತ್ತಾರೆ. “ಅವ್ರಿಗೂ ಅಕ್ಕ ತಂಗಿ ಇರೂದಿಲ್ವನಾ?”