ನಾಟ್ ಬ್ರೀದಿಂಗ್

ಶಕುನ, ಮುನ್ಸೂಚನೆ ಇಂಥವನ್ನೆಲ್ಲ ನಾನು ನಂಬಿದವಳಲ್ಲ. ಇಪ್ಪತ್ತು ವರ್ಷ ನರ್ಸ್ ಕೆಲಸ ಮಾಡಿದವಳಿಗೆ ಸಾವು ಹೇಳಿ ಕಳಿಸಿ ಬರುವುದಿಲ್ಲವೆಂದು ಚೆನ್ನಾಗಿ ಗೊತ್ತಿರುತ್ತದೆ. ಯಾರಾದರೂ ಅಂಥ ಕಥೆ ಹೇಳಿದರೆ ಅವರೆದುರೇ ನಗುತ್ತಿದ್ದೆ. ಈಗ ನಗುವುದಿಲ್ಲ, ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಆಗ ನಾನು ತಿಪಟೂರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿದ್ದೆ. ಊರಾಚೆಯ ತೆಂಗಿನ ನಾರಿನ ಫ್ಯಾಕ್ಟರಿಗೆ ಒಡಿಶಾದಿಂದ ಏಳೆಂಟು ಸಂಸಾರ ಹೊಸದಾಗಿ ಬಂದಿದ್ದವು. ಅವರಿಗೆ ಕನ್ನಡ ಬಾರದು, ನಮಗೆ ಅವರ ಭಾಷೆ ಬಾರದು. ಮಗುವಿಗೆ ಏನಾಗಿದೆಯೆಂದು ತಿಳಿಯುವಷ್ಟರಲ್ಲೇ ಅರ್ಧ ಗಂಟೆ ಹೋಗುತ್ತಿತ್ತು.

"ಆಸ್ಪತ್ರೆ ಮಟ್ಟಿಗೆ ನಾಲ್ಕು ಇಂಗ್ಲಿಷ್ ಪದ ಕಲಿಸಿ ಬನ್ನಿ ಸಿಸ್ಟರ್" ಎಂದರು ಡಾಕ್ಟರು.

ಗುರುವಾರ ಮಧ್ಯಾಹ್ನ ಹೋಗಿ, ತಾಯಂದಿರನ್ನು ನಾರಿನ ರಾಶಿ ಪಕ್ಕ ಕೂರಿಸಿಕೊಂಡು ಕಲಿಸುತ್ತಿದ್ದೆ. ಫೀವರ್, ವಾಮಿಟಿಂಗ್, ಫಿಟ್ಸ್, ಸ್ವಾಲೋಡ್, ನಾಟ್ ಬ್ರೀದಿಂಗ್. ಒಂದೊಂದನ್ನೂ ಅಭಿನಯಿಸಿ ತೋರಿಸುತ್ತಿದ್ದೆ.

ಎಲ್ಲರಿಗಿಂತ ಬೇಗ ಕಲಿತವಳು ಕುಂತಲಾ. ಮೂರು ವರ್ಷದ ಮಗಳು ಮಿನಿ ಸದಾ ಅವಳ ತೊಡೆಯ ಮೇಲೆ. ನಾನು ಮೂಗು ಬಾಯಿ ಮುಚ್ಚಿಕೊಂಡು 'ನಾಟ್ ಬ್ರೀದಿಂಗ್' ಎಂದಾಗ ಮಾತ್ರ ಅವಳು ಹೇಳಲಿಲ್ಲ. ಮಗುವಿನ ಎರಡೂ ಕಿವಿ ಮುಚ್ಚಿ, ಬೇಡವೆಂದು ತಲೆಯಾಡಿಸಿದಳು. ನನಗೆ ಸಿಟ್ಟು ಬಂತು. ಎಲ್ಲರೆದುರು ಅವಳ ಕೈ ಬಿಡಿಸಿ ಹತ್ತು ಸಲ ಹೇಳಿಸಿದೆ. ಅಳುತ್ತಲೇ ಹೇಳಿದಳು.

ಮೂರು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ನರ್ಸಿಂಗ್ ಹೋಮಿನ ಫೋನು ಬಡಿಯಿತು.

"ಬೇಬಿ ಸ್ವಾಲೋಡ್. ನಾಟ್ ಬ್ರೀದಿಂಗ್."

ಕುಂತಲಾಳ ದನಿ. ಬೇರೆ ಯಾರದೂ ಅಲ್ಲ. ಕೂಡಲೇ ಡ್ರೈವರ್ ಸಿದ್ದಣ್ಣನನ್ನು ವ್ಯಾನಿನಲ್ಲಿ ಓಡಿಸಿದೆ. ಹತ್ತು ನಿಮಿಷಕ್ಕೆ ನನ್ನ ಮೊಬೈಲಿಗೆ ಅವನ ಫೋನ್ ಬಂತು.

"ಮಗೀಗೆ ಏನೂ ಆಗಿಲ್ಲ ಕಣ್ರೀ ಸಿಸ್ಟರ್. ಆಡ್ಕೊಂಡೈತೆ. ಇಲ್ಲಿ ಯಾರೂ ಫೋನೇ ಮಾಡಿಲ್ವಂತೆ."

ಫೋನು ಕುಂತಲಾಳ ಕೈಗೆ ಕೊಡಿ ಎಂದೆ.

"ನೋ ಫೋನ್, ಸಿಸ್ಟರ್. ಮಿನಿ ಗುಡ್" ಎಂದಳು ಕುಂತಲಾ, ಹೆದರಿದ ದನಿಯಲ್ಲಿ.

ಅವತ್ತಿನ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಬಾಯಿಗೆ ಬಂದಂತೆ ಬೈದೆ. ಕನ್ನಡ ತಿಳಿಯದೆ ಹೋದೀತೆಂದು, ಅವಳಿಗೆ ಗೊತ್ತಿರುವ ಮಾತಿನಲ್ಲೇ ಬಿಡಿಸಿ ಹೇಳಿದೆ: "ನೆಕ್ಸ್ಟ್ ಟೈಮ್, ನೋ ವ್ಯಾನ್."

ಸಿದ್ದಣ್ಣ ವಾಪಸ್ ಬಂದು ಊಟಕ್ಕೆ ಕೂತಿದ್ದ. ಫೋನು ಮತ್ತೆ ಬಡಿಯಿತು. ಅದೇ ದನಿ, ಅದೇ ಎರಡು ಮಾತು. ಈ ಸಲ ಹಿಂದೆ ಜನರ ಗಲಾಟೆಯೂ ಕೇಳಿಸುತ್ತಿತ್ತು. "ಸಾಕು ನಿನ್ನ ಆಟ" ಎಂದು ಫೋನಿಟ್ಟೆ.

ಅರ್ಧ ಗಂಟೆಯ ಮೇಲೆ ಫ್ಯಾಕ್ಟರಿಯ ಸೂಪರ್‌ವೈಸರ್ ಬೈಕಿನಲ್ಲಿ ಬಂದ. ಹಿಂದೆ ಕುಂತಲಾ, ತೋಳಿನಲ್ಲಿ ಮಿನಿ. ಮಗುವಿನ ತುಟಿ ನೀಲಿಯಾಗಿತ್ತು. ಡಾಕ್ಟರು ಗಂಟಲಿನಿಂದ ಒಂದು ಕೊಬ್ಬರಿ ಚೂರು ತೆಗೆದರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

"ನನ್ ಮೊಬೈಲಿಂದ್ಲೇ ಮಾಡ್ಸಿದ್ದೆ ಸಿಸ್ಟರ್. ಕಟ್ಟಾಯ್ತು. ಹೆಂಗೂ ವ್ಯಾನ್ ಬತ್ತದೆ ಅಂತ ಕಾದ್ಕೊಂಡ್ ನಿಂತ್‌ಬುಟ್ವಿ" ಎಂದ ಸೂಪರ್‌ವೈಸರ್. ಫೋನಿಟ್ಟವಳು ನಾನೇ ಎಂಬುದನ್ನು ಮುಚ್ಚಿಟ್ಟೆ.

ಸಂಜೆ ನರ್ಸಿಂಗ್ ಹೋಮಿನ ಫೋನಿನಲ್ಲಿ ದಾಖಲಾಗಿದ್ದ ಕರೆಗಳನ್ನು ಒಂದೊಂದಾಗಿ ನೋಡಿದೆ. ಸೂಪರ್‌ವೈಸರ್ ನಂಬರು ಒಂದೇ ಸಲ ಇತ್ತು. ಅದಕ್ಕೆ ಮುಂಚೆ, ಬೆಳಿಗ್ಗೆ ಹನ್ನೊಂದರಿಂದ, ಒಂದು ಕರೆಯೂ ಇಲ್ಲ. ಆದರೆ ಸಿದ್ದಣ್ಣ ಹೋಗಿ ಬಂದದ್ದು ಸುಳ್ಳಲ್ಲವಲ್ಲ. ಬೇರೆ ಯಾರದೋ ಮಗುವಿಗೆ ಹಾಗಾಗಿರಬಹುದು, ನೀವು ದನಿ ತಪ್ಪು ತಿಳಿದಿರಿ ಎಂದರು ಡಾಕ್ಟರು. ಊರಿನ ಆಸ್ಪತ್ರೆಗಳಲ್ಲೆಲ್ಲ ವಿಚಾರಿಸಿದೆ, ತುರುವೇಕೆರೆಯವರೆಗೂ ಕೇಳಿದೆ. ಅವತ್ತು ಅಂಥ ಮಗು ಇನ್ನೆಲ್ಲಿಗೂ ಬಂದಿರಲಿಲ್ಲ.

ನಾಲ್ಕು ದಿನದ ಮೇಲೆ ಗಂಡ ಹೆಂಡತಿ ತಮ್ಮೂರಿಗೆ ಹೊರಟರು. ರೈಲಿಗೆ ಹೋಗುವ ಮುಂಚೆ ಕುಂತಲಾ ಒಬ್ಬಳೇ ನನ್ನ ಹತ್ತಿರ ಬಂದಳು. ಅಳಲಿಲ್ಲ, ಬೈಯಲಿಲ್ಲ. ಎರಡು ಬೆರಳೆತ್ತಿ ತೋರಿಸಿದಳು.

"ಸಿಸ್ಟರ್, ಐ ಟೋಲ್ಡ್. ಟೂ ಟೈಮ್ಸ್."

ಮೊದಲ ಸಲ ಮಾಡಿಯೇ ಇಲ್ಲ ಎಂದಿದ್ದವಳು ಅವಳೇ. ಯಾವಾಗ, ಯಾವ ಫೋನಿನಿಂದ ಎಂದು ಕೇಳಿದೆ, ಕೈಸನ್ನೆ ಮಾಡಿಯೂ ಕೇಳಿದೆ. ಅವಳು ಅದೇ ಎರಡು ಬೆರಳನ್ನು ಮತ್ತೊಮ್ಮೆ ತೋರಿಸಿ ಹೊರಟುಹೋದಳು. ಮೊದಲು ಮಾತಾಡಿದವರು ಯಾರೆಂದು ನನಗೆ ಇವತ್ತಿಗೂ ತಿಳಿಯದು.